ಮೇಕೆದಾಟಿಗೆ ನಡೆದು ಹೋಗುವವರಿಗೂ ನೀರಿನ ಲೆಕ್ಕ ಹೇಳಿ: ಜಲಸಂಪನ್ಮೂಲ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಮೇಕೆದಾಟು ಅಂದ ಕೂಡಲೇ ನಿಮ್ಮ ಮೇಜಿನ ಮೇಲೆ 67.16 ಟಿಎಂಸಿ, 400 ಮೆಗಾವಾಟ್, 9,000 ಕೋಟಿ ರೂಪಾಯಿಯ ಅಣೆಕಟ್ಟು ಯೋಜನೆಯ ಕಡತ ಬಂದು ಕೂರುತ್ತದೆ. ಈ ಪತ್ರ ಆ ಕಡತಕ್ಕೆ ಸೇರಿದ್ದಲ್ಲ. ಅಣೆಕಟ್ಟು ಬೇಕೋ ಬೇಡವೋ ಎಂಬ ಜಗಳವನ್ನು ಕೋರ್ಟು, ಕೇಂದ್ರ ಜಲ ಆಯೋಗ, ಪಕ್ಕದ ರಾಜ್ಯ ಎಲ್ಲ ಸೇರಿ ನೋಡಿಕೊಳ್ಳಲಿ. ಸಂಗಮದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಅರ್ಕಾವತಿ ದಾಟಿ, ಕಾವೇರಿ ದಡದಲ್ಲೇ ನಾಲ್ಕು ಕಿಲೋಮೀಟರ್ ನಡೆದು ಆ ಕಮರಿ ನೋಡಲು ಹೋಗುತ್ತಾರಲ್ಲ, ಅವರ ಪರವಾಗಿ ಬರೆಯುತ್ತಿದ್ದೇನೆ. 2022ರ ಜನವರಿ 9ರಂದು ಆ ಅಣೆಕಟ್ಟಿಗಾಗಿ ಕಾಂಗ್ರೆಸ್ಸಿನವರ ಪಾದಯಾತ್ರೆ ಹೊರಟದ್ದೂ ಇದೇ ಸಂಗಮದಿಂದ. ಅವರು ಊರಿನ ಕಡೆ ನಡೆದರು, ನಾವು ನದಿ ಹರಿಯುವ ಕಡೆ ನಡೆಯುತ್ತೇವೆ.

ಸಂಗಮದಿಂದ ಕಮರಿಗೆ ಓಡುವ ಲಟಾರಿ ಬಸ್ಸು ಬೇಡವೆಂದು ನಡೆದವರಿಗೆ ಹೊಳೆಮತ್ತಿ ಮರದ ನೆರಳು, ದಾರಿಯಲ್ಲಿ ಆನೆ ಲದ್ದಿ. ಕೊನೆಗೆ ಮೇಲಿನ ಬಂಡೆಯಿಂದ ಬಗ್ಗಿ ನೋಡಿದರೆ, ಸಂಗಮದಲ್ಲಿ ಹರವಾಗಿ ಹರಡಿಕೊಂಡಿದ್ದ ಕಾವೇರಿ ಇಲ್ಲಿ ಮೇಕೆ ಹಾರೀತು ಅನ್ನುವಷ್ಟು ಸಂದಿಯಲ್ಲಿ ತೂರಿಕೊಂಡು ಹೋಗುತ್ತಾಳೆ. ಬಂಡೆಯ ತುಂಬ ಒರಳಿನಂಥ ಗುಂಡಿಗಳು. ಸುಳಿಗೆ ಸಿಕ್ಕ ಕಲ್ಲುಗಳು ಗಿರಗಿರ ತಿರುಗಿ ಕೊರೆದದ್ದು; ಕೈ ಹಾಕಿದರೆ ಒಳಮೈ ಗಾಜಿನಷ್ಟು ನುಣುಪು. ಈ ಗುಂಡಿಗಳಲ್ಲಿ ಎಷ್ಟೋ, ಬೇಸಗೆಯ ನೀರಿನ ಮಟ್ಟಕ್ಕಿಂತ ಬಹಳ ಮೇಲಿವೆ. ಅಂದರೆ ಜನ ಬುತ್ತಿ ಬಿಚ್ಚಿಕೊಂಡು ಕೂರುವ ಬಂಡೆಯೇ ನದಿಯ ಪಾತ್ರ. ಇದು ಹೊಸಬರಿಗೆ ಗೊತ್ತಾಗುವುದು ಹೇಗೆ?

ಇನ್ನು ನಿಮ್ಮ ಇಲಾಖೆಯ ಮಾತು. ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿಯನ್ನು ಅಳೆಯುವುದು ಇಲ್ಲಿಂದ ಕೆಳಗೆ, ಬಿಳಿಗುಂಡ್ಲುವಿನಲ್ಲಿ. ಕೆಆರ್‌ಎಸ್, ಕಬಿನಿಯಿಂದ ಬಿಟ್ಟ ನೀರು ಅಲ್ಲಿಗೆ ಮುಟ್ಟಬೇಕಾದರೆ ಈ ಸಂದಿಯಲ್ಲೇ ನುಗ್ಗಬೇಕು. ಇಂದು ಎಷ್ಟು ಕ್ಯೂಸೆಕ್ ಎಂಬುದು ದೆಹಲಿಯ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರಕ್ಕೆ ಗೊತ್ತು, ಚೆನ್ನೈಗೆ ಗೊತ್ತು, ಟಿವಿ ಪರದೆಯ ಕೆಳಗೂ ಓಡುತ್ತಿರುತ್ತದೆ. ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತವನಿಗೆ ಮಾತ್ರ ಗೊತ್ತಿಲ್ಲ.

2024ರ ಮುಂಗಾರಿನಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟಾಗಿನ ಚಿಂತೆ ನನ್ನದಲ್ಲ. ಅಂಥ ಹೊತ್ತಿನಲ್ಲಿ ಪೊಲೀಸರಿರುತ್ತಾರೆ, ನದಿಯ ಸದ್ದಿಗೇ ಜನ ಹಿಂದೆ ಸರಿಯುತ್ತಾರೆ. ಭಯವಿರುವುದು ನೀರು ಸುಮ್ಮನಿದ್ದಂತೆ ಕಾಣುವ ತಿಂಗಳುಗಳಲ್ಲಿ. ಅರ್ಕಾವತಿಯದೂ ಅದೇ ಕತೆ: ಮೇಲೆ ಹಾರೋಬೆಲೆ ಜಲಾಶಯವಿದೆ. ಅಲ್ಲಿ ಗೇಟು ಎತ್ತಿದರೆ ಬೆಳಗ್ಗೆ ಮೊಣಕಾಲುದ್ದ ನೀರಲ್ಲಿ ದಾಟಿದ ಕುಟುಂಬ ಸಂಜೆ ಮಕ್ಕಳನ್ನು ಹೆಗಲ ಮೇಲಿಟ್ಟುಕೊಂಡು ಆಚೆ ದಡದಲ್ಲೇ ನಿಲ್ಲಬೇಕಾದೀತು.

ಸಂಗಮದಲ್ಲಿ ಅರ್ಕಾವತಿಗೆ ಇಳಿಯುವ ಜಾಗದಲ್ಲೇ ಒಂದು ಫಲಕ ನಿಲ್ಲಿಸಿ. ಕನ್ನಡ, ತಮಿಳು ಎರಡರಲ್ಲೂ ಇರಲಿ. ಮೂರೂ ಜಲಾಶಯಗಳಿಂದ ಇಂದು ಬಿಟ್ಟ ನೀರೆಷ್ಟು, ಅದು ಇಲ್ಲಿಗೆ ಮುಟ್ಟುವ ಅಂದಾಜು ಹೊತ್ತೆಷ್ಟು ಎಂದು ದಿನವೂ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಹೊರಹರಿವು ಹೆಚ್ಚಿಸುವ ದಿನ ಸಂಗಮದಲ್ಲೂ ಕಮರಿಯ ಮೇಲೂ ಸೈರನ್ ಕೂಗಲಿ. ಮೊಬೈಲ್ ಸಂದೇಶವನ್ನು ಆ ಕಾಡಿನಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಕೆಆರ್‌ಎಸ್‌ನ ನೀರು ಇಷ್ಟು ದೂರ ಬರಲು ಗಂಟೆಗಟ್ಟಲೆ ಬೇಕು, ಎಚ್ಚರಿಸಲು ಸಮಯವಿಲ್ಲ ಎನ್ನುವ ಹಾಗಿಲ್ಲ. ತೆಪ್ಪದವರು ನೀರಿನ ಬಣ್ಣ ನೋಡಿಯೇ ಏರಿಳಿತ ಹೇಳಬಲ್ಲವರು. ಅವರಲ್ಲಿ ಕೆಲವರಿಗೆ ದಿನಗೂಲಿ, ಹಗ್ಗ, ಸೀಟಿ ಕೊಟ್ಟು ಬಂಡೆಯ ಮೇಲೆ ನಿಲ್ಲಿಸಿ. ವನ್ಯಧಾಮದ ಒಳಗಿನ ಜಾಗವಾದ್ದರಿಂದ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅದನ್ನು ಪಡೆಯುವುದು ನಿಮಗೆ ಕಷ್ಟವಲ್ಲ.

ಯೋಜನೆ ಬಂದರೆ ಸುಮಾರು 5,000 ಹೆಕ್ಟೇರ್ ಮುಳುಗುತ್ತದೆ, ಅದರಲ್ಲಿ ಸಂಗಮವೂ ಸೇರಿದೆ. ಮುಳುಗುವ ಜಾಗಕ್ಕೆ ಫಲಕ ಯಾಕೆ ಎಂದು ಯಾರಾದರೂ ಕೇಳಿಯಾರು. ಆ ಯೋಜನೆಗೆ ಇನ್ನೆಷ್ಟು ವರ್ಷವೋ ನೀವೇ ಬಲ್ಲಿರಿ. ದಯವಿಟ್ಟು ದಾರಿ ಮುಚ್ಚಿ ಕೈತೊಳೆದುಕೊಳ್ಳಬೇಡಿ. ಮುಚ್ಚಿದರೆ ಜನ ಕಾವಲಿಲ್ಲದ ಕಡೆಯಿಂದ ಇಳಿಯುತ್ತಾರೆ.

ಈ ಮುಂಗಾರಿಗೆ ಮೊದಲೇ ಫಲಕ ಬರಲಿ. ಕಾವೇರಿ ನೀರಾವರಿ ನಿಗಮದವರಿಗೆ ನೀವು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ.

ಇಂತಿ,
ಸಂಗಮದಿಂದ ನಡೆದು ಹೋಗುವವರಲ್ಲೊಬ್ಬ