ಕಿರುಬೆರಳಿನ ಬಗ್ಗೆ ಕೇಳಿದ ಡಾಕ್ಟರಿಗೆ, ಮತ್ತು ಕಾದವರಿಗೆಲ್ಲ

ನನ್ನ ಬಲಗೈ ಆಪರೇಷನ್ ಆಗಿ ಕೆಲವು ವಾರಗಳಾದವು. ಮಂಡ್ಯದ ನಮ್ಮ ಬೀದಿಯವರಿಗೆ ಬಾಯಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ. ಹೇಳದೆ ಉಳಿದವರೇ ಹೆಚ್ಚು, ಅದಕ್ಕೇ ಬರೆಯುತ್ತಿದ್ದೇನೆ.

ಬ್ಲೌಸ್ ಹೊಲಿಯೋಕೆ ಶುರು ಮಾಡಿ 22 ವರ್ಷ. ಹೋದ ವರ್ಷಕ್ಕೂ ಹಿಂದಿನಿಂದ ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕೂತು ಕೊಡವಿದರೆ ಸ್ವಲ್ಪ ಇಳಿಯೋದು. ಆಮೇಲೆ ಹಗಲಲ್ಲೂ ಬಂತು. ಗುಂಡುಸೂಜಿ ಎತ್ತಿಕೊಂಡರೆ ಅದು ಬೆರಳಲ್ಲಿದೆಯೋ ಬಿದ್ದುಹೋಗಿದೆಯೋ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಮೊದಲು ತೋರಿಸಿದ ಕಡೆ ಕತ್ತಿನ ಮೂಳೆ ಸವೆದಿದೆ ಅಂದರು. ಕತ್ತಿಗೆ ಪಟ್ಟಿ, ನೋವಿನ ಮಾತ್ರೆ ಅಂತಲೇ ಒಂದೂವರೆ ವರ್ಷ ಕಳೆಯಿತು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅಷ್ಟರಲ್ಲಿ ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು.

ಮೈಸೂರಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಕಿರುಬೆರಳೂ ಜೋಮು ಹಿಡಿಯುತ್ತಾ?" ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ. ಅಷ್ಟೇ. ಕಿರುಬೆರಳಿಗೆ ಹೋಗುವ ನರವೇ ಬೇರೆಯಂತೆ. ಎರಡೂ ಮಣಿಕಟ್ಟು ಮಡಚಿ, ಅಂಗೈ ಹಿಂಭಾಗ ಒಂದಕ್ಕೊಂದು ತಾಗಿಸಿ ಒಂದು ನಿಮಿಷ ಹಿಡಿಯಿರಿ ಅಂದರು. ಅರ್ಧ ನಿಮಿಷಕ್ಕೇ ಆ ಬೆರಳುಗಳೇ ಜುಮ್ಮೆಂದವು. ಕಾರ್ಪಲ್ ಟನಲ್ ಅನ್ನುವ ಹೆಸರು ಅವತ್ತೇ ಮೊದಲು ಕೇಳಿದ್ದು. ಮಣಿಕಟ್ಟಲ್ಲಿ ಒಂದು ಕಿರಿದಾದ ದಾರಿ. ಕೆಳಗೆ ಮೂಳೆ, ಮೇಲೆ ದಪ್ಪ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು, ಜೊತೆಗೆ ಒಂದು ನರ, ಎಲ್ಲ ಅದರೊಳಗೇ ಹೋಗಬೇಕು, ಇಕ್ಕಟ್ಟಾದರೆ ನರ ಒತ್ತಿಹೋಗುತ್ತದೆ. ಲಂಗದ ನೇಫಾದೊಳಗೆ ಹತ್ತು ಲಾಡಿ ತೂರಿಸಿದ ಹಾಗೆ ಅಂದುಕೊಂಡೆ, ಆಗ ಪೂರ್ತಿ ಅರ್ಥವಾಯಿತು.

ನರದ ಪರೀಕ್ಷೆ ಮಾಡಿದ ಹುಡುಗಿಗೆ ಬೇರೆಯಾಗಿಯೇ ಥ್ಯಾಂಕ್ಸ್ ಹೇಳಬೇಕು. ಪ್ರತಿ ಸಲ ಕರೆಂಟು ಕೊಡುವ ಮುಂಚೆ "ಈಗ ಕೊಡ್ತೀನಿ ಅಮ್ಮ" ಅನ್ನುತ್ತಿದ್ದಳು. ಮಣಿಕಟ್ಟಿನ ಹತ್ತಿರ ಬಂದಾಗ ಸಂಕೇತ ನಿಧಾನವಾಗುವುದನ್ನು ಅವಳೇ ಪರದೆಯಲ್ಲಿ ತೋರಿಸಿದಳು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಇರುವುದೂ ಗೊತ್ತಾಯಿತು. ಅದೂ, ಸಕ್ಕರೆ ಕಾಯಿಲೆಯೂ ಈ ತೊಂದರೆಗೆ ದಾರಿ ಮಾಡುತ್ತವಂತೆ.

ಬೇಗ ಬಂದಿದ್ದರೆ ರಾತ್ರಿ ಹೊತ್ತು ಮಣಿಕಟ್ಟು ನೇರ ಇಡುವ ಸ್ಪ್ಲಿಂಟ್ ಸಾಕಾಗುತ್ತಿತ್ತೇನೋ. ಮಾಂಸ ಕರಗಿದ್ದರಿಂದ ಆಪರೇಷನ್ ಮುಂದೂಡಬಾರದು ಅಂದರು. ಆಷಾಢಕ್ಕೆ ಇಟ್ಟುಕೊಂಡೆವು. ಮದುವೆಗಳಿಲ್ಲ, ಹೊಲಿಗೆ ಕಡಿಮೆ. ಹೊಸದಾಗಿ ಮದುವೆಯಾದ ಮಗಳು ತವರಿಗೆ ಬಂದಿದ್ದಳು. ಆರಾಮ ಮಾಡಬೇಕಿದ್ದ ತಿಂಗಳಲ್ಲಿ ಅವಳೇ ನನ್ನ ತಲೆ ಬಾಚಿ, ಮುದ್ದೆ ತಿರುವಿ, ಸೀರೆಯ ನೆರಿಗೆ ಹಿಡಿದಳು. ಮಗಳೇ, ಅದನ್ನು ನಾನು ಮರೆಯಲ್ಲ.

ಅಂಗೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಅರ್ಧ ಗಂಟೆಯೂ ಹಿಡಿಯಲಿಲ್ಲ. ನರದ ಮೇಲಿನ ಆ ಪಟ್ಟಿಯನ್ನು ಕತ್ತರಿಸಿ ಬಿಟ್ಟರು. ನನಗೆ ಹೆದರಿಕೆಯಾಗಬಾರದೆಂದು ಡಾಕ್ಟರ್ ಕ್ರಾಸ್ ಕಟ್ ಬ್ಲೌಸಿಗೆ ಬಟ್ಟೆ ಹೇಗೆ ಮಡಚುತ್ತೀರಿ ಅಂತ ಕೇಳುತ್ತಾ ಇದ್ದರು, ನಾನು ಹೇಳುತ್ತಾ ಇದ್ದೆ. ಅವತ್ತು ರಾತ್ರಿ ಗಾಯ ನೋಯುತ್ತಿದ್ದರೂ ಜೋಮಿಲ್ಲದೆ ಬೆಳಗಿನವರೆಗೆ ಮಲಗಿದ್ದೆ. ಎಚ್ಚರಾದಾಗ ಅಳು ಬಂತು.

ಪೂರ್ತಿ ವಾಸಿಯಾಗಿಲ್ಲ. ಅಂಗೈ ಊರಿದರೆ ನೋಯುತ್ತದೆ, ನಡುಬೆರಳಿನ ತುದಿ ಇನ್ನೂ ಮಂದ. ಆದರೆ ಮೊನ್ನೆ ಕಣ್ಣು ಮುಚ್ಚಿ ಮುಟ್ಟಿದರೆ ಯಾವುದು ರೇಷ್ಮೆ, ಯಾವುದು ಲೈನಿಂಗ್ ಬಟ್ಟೆ ಅಂತ ಗೊತ್ತಾಯಿತು.

ಬೇರೆ ಟೈಲರ್ ಹತ್ತಿರ ಹೋಗದೆ ನನಗೋಸ್ಕರ ಕಾದ ಏಳು ಮಂದಿಗೆ: ಗೌರಿ ಹಬ್ಬದ ಬ್ಲೌಸುಗಳು ಸಿದ್ಧವಾಗಿವೆ. ಹುಕ್ಕು ನಾನೇ ಕೂರಿಸಿದ್ದೇನೆ. ಸಂಜೆ ಐದರ ಮೇಲೆ ಬನ್ನಿ.