ಗೇರ್‌ಬಾಕ್ಸಿಗೂ ಜ್ವರ ಬರುತ್ತದೆ, ನೋಡೋರು ಯಾರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ವಾರ ತಪ್ಪದೆ ಓದುತ್ತೇನೆ. ಸನ್‌ರೂಫ್ ಎಷ್ಟು ದೊಡ್ಡದು, ಟಚ್‌ಸ್ಕ್ರೀನ್ ಎಷ್ಟು ಇಂಚು, ಸೀಟಿನಿಂದ ತಣ್ಣನೆ ಗಾಳಿ ಬರುತ್ತದೋ ಇಲ್ಲವೋ, ಎಲ್ಲ ಇರುತ್ತದೆ. ಆಟೋಮ್ಯಾಟಿಕ್ ಕಾರಾದರೆ ‘ಟ್ರಾಫಿಕ್‌ನಲ್ಲಿ ಓಡಿಸಲು ಆರಾಮ’ ಅಂತ ಒಂದು ಸಾಲು, ಅಲ್ಲಿಗೆ ಮುಗಿಯಿತು. ಆ ಗೇರ್‌ಬಾಕ್ಸ್ ಒಳಗಿನ ಆಯಿಲ್ ಎಷ್ಟು ಬಿಸಿಯಾಗುತ್ತದೆ ಅಂತ ಒಬ್ಬರೂ ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಕ್ಷಮಿಸಿ.

ನನ್ನದು ಒಂದು ಲೀಟರ್ ಟರ್ಬೊ ಎಂಜಿನ್ನಿನ ಸಣ್ಣ ಕಾರು, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟುವಂಥದ್ದು. ಕಂಪನಿ ಹೆಸರು ಬೇಡ ಬಿಡಿ. ವಾರವೆಲ್ಲ ಅದು ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಆಫೀಸಿಗೆ ಹೋಗುತ್ತದೆ. ವರ್ಷಕ್ಕೆ ಮೂರ್ನಾಲ್ಕು ಸಲ ಮಾತ್ರ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತದೆ, ರೇಸರ್ ಕರಿವರ್ಧನ್ ಅವರ ಹೆಸರಿಟ್ಟಿರುವ ಸುಮಾರು 2.1 ಕಿ.ಮೀ. ಟ್ರ್ಯಾಕ್ ಅದು. ಬೆಂಗಳೂರಿನಿಂದ 360 ಕಿ.ಮೀ. ಆಸುಪಾಸು ಡ್ರೈವ್ ಮಾಡಿಕೊಂಡು ಹೋಗಿ, ಅದೇ ಕಾರನ್ನು ಟ್ರ್ಯಾಕ್‌ಗೆ ಇಳಿಸಿ, ಸಂಜೆ ಅದರಲ್ಲೇ ಕೂತು ಸೇಲಂ ದಾಟಿ ತೊಪ್ಪೂರು ಘಾಟಿ ಹತ್ತಿಕೊಂಡು ಮನೆಗೆ ಬರಬೇಕು. ಟ್ರೇಲರ್ ಮೇಲೆ ಹೊತ್ತು ತರಿಸುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಗೇರ್‌ಬಾಕ್ಸ್ ಅಲ್ಲೇ ಕೂತರೆ ನಾನೂ ಅಲ್ಲೇ ಕೂರಬೇಕು.

ಒಂದು ಸಲ ಹಾಗೇ ಆಯಿತು. ಮಧ್ಯಾಹ್ನದ ಬಿಸಿಲು, ನಾಲ್ಕನೇ ಲ್ಯಾಪ್, ಕಾರು ಇದ್ದಕ್ಕಿದ್ದಂತೆ ಮೂರನೇ ಗೇರಿಗೆ ಬಂದು ಅಲ್ಲೇ ಅಂಟಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಪಿಟ್‌ಗೆ ತಂದು ಬಾನೆಟ್ ಎತ್ತಿದರೆ ಸೀದ ವಾಸನೆ. ಎಂಜಿನ್ ಟೆಂಪರೇಚರ್ ಮುಳ್ಳು ಮಾತ್ರ ನಡುಮಧ್ಯದಲ್ಲಿ ಸುಮ್ನೆ ನಿಂತಿತ್ತು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಒಂದು ಗಂಟೆ ತಣ್ಣಗಾದ ಮೇಲೆ ಗೇರ್‌ಗಳು ವಾಪಸ್ ಬಂದವು, ಹೆದರಿಕೊಂಡೇ ಊರಿಗೆ ಬಂದೆ. ಸರ್ವಿಸ್ ಸೆಂಟರ್‌ನಲ್ಲಿ ಆಯಿಲ್ ಬದಲಾಯಿಸಿ ಅಂದರೆ, "ಬೇಡ ಸಾರ್, ಇದು ಲೈಫ್‌ಟೈಮ್ ಆಯಿಲ್" ಅಂದರು. ಯಾರ ಲೈಫ್‌ಟೈಮು ಅಂತ ಕೇಳಿದೆ, ನಕ್ಕರು. ಕೊನೆಗೆ ನಮ್ಮ ಏರಿಯಾದ ಹಳೆ ಮೆಕ್ಯಾನಿಕ್ ಒಬ್ಬರು ಡ್ರೈನ್ ಪ್ಲಗ್ ಬಿಚ್ಚಿದರು. ಹೊಸದರಲ್ಲಿ ದಾಳಿಂಬೆ ರಸದಂತೆ ಕೆಂಪಗಿರಬೇಕಾದ ಆಯಿಲ್ ಕಪ್ಪಗೆ ಸುರಿಯಿತು. ಅವರು ಬೆರಳಿಗೆ ಹಚ್ಚಿ ಮೂಸಿ, "ಇದೇನು ಸಾರ್, ಆಯಿಲಾ, ಡಿಕಾಕ್ಷನ್ನಾ?" ಅಂದರು.

ಈ ಬಿಸಿ ಎಲ್ಲಿಂದ ಬರುತ್ತದೆ? ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿದರೆ ಆ ಗಾಳಿಗೆ ಇನ್ನೊಂದೂ ತಿರುಗುತ್ತದೆ ಅಲ್ವಾ, ಟಾರ್ಕ್ ಕನ್ವರ್ಟರ್ ಕೆಲಸವೂ ಹಾಗೇ, ಗಾಳಿಯ ಜಾಗದಲ್ಲಿ ಆಯಿಲ್ ಅಷ್ಟೇ. ಎರಡನೆಯದು ಮೊದಲನೆಯದಕ್ಕಿಂತ ನಿಧಾನವಾಗಿ ತಿರುಗುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಆಯಿಲ್‌ಗೆ ಸೇರುತ್ತದೆ. ಎಂಜಿನ್ 60 ಕಿಲೋವ್ಯಾಟ್ ಕೊಡುತ್ತಿದ್ದು, ಕನ್ವರ್ಟರ್‌ನಲ್ಲಿ ನೂರಕ್ಕೆ ಹತ್ತು ಭಾಗ ಜಾರಿ ಹೋಯಿತು ಅನ್ನಿ. ಅದು 6 ಕಿಲೋವ್ಯಾಟ್. ನಮ್ಮ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಮೂರನ್ನು ಒಟ್ಟಿಗೆ ಹಾಕಿದ ಹಾಗೆ, ಅದೂ ಐದಾರು ಲೀಟರ್ ಆಯಿಲ್ ಒಳಗೆ. ಬರೀ ಆಯಿಲ್ ಲೆಕ್ಕ ಹಿಡಿದು, ತಣ್ಣಗಾಗಿಸುವ ವ್ಯವಸ್ಥೆ ಏನೂ ಇಲ್ಲ ಅಂದುಕೊಂಡರೆ, ಒಂದೇ ನಿಮಿಷಕ್ಕೆ ಮೂವತ್ತು ಡಿಗ್ರಿಗಿಂತ ಜಾಸ್ತಿ ಏರುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಲಾಕಪ್ ಕ್ಲಚ್ ಎರಡೂ ಕಡೆಯನ್ನು ಹಿಡಿದು ಕೂರಿಸುತ್ತದೆ, ಜಾರುವುದೇ ಇಲ್ಲ, ಆದ್ದರಿಂದ ತೊಂದರೆ ಇಲ್ಲ. ಟ್ರ್ಯಾಕ್‌ನಲ್ಲಿ ಬ್ರೇಕು, ತಿರುವು, ಮತ್ತೆ ಪೂರ್ತಿ ಆಕ್ಸಿಲರೇಟರ್, ಲಾಕಪ್ ಬಿಡುತ್ತಲೇ ಇರುತ್ತದೆ.

ಆಯಿಲ್ 80ರಿಂದ 95 ಡಿಗ್ರಿ ಒಳಗಿದ್ದರೆ ಸುಖ. ಅಲ್ಲಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕಸುಬಿನವರ ಒರಟು ಲೆಕ್ಕ. 120 ದಾಟಿದರೆ ಬೇಗ ಹಾಳಾಗುತ್ತದೆ. 150ರ ಹತ್ತಿರ ಹೋದರೆ ರಬ್ಬರ್ ಸೀಲ್‌ಗಳು ಗಟ್ಟಿಯಾಗಿ, ಪ್ರೆಶರ್ ಸೋರಿ, ಒಳಗಿನ ಕ್ಲಚ್ ಪ್ಲೇಟ್‌ಗಳೇ ಜಾರತೊಡಗುತ್ತವೆ. ಅವು ಜಾರಿದರೆ ಇನ್ನಷ್ಟು ಬಿಸಿ.

ನಾನು ಮೊದಲು ಮಾಡಿದ ದಡ್ಡತನ ಏನೆಂದರೆ ಗೇರ್‌ಬಾಕ್ಸ್ ಆಯಿಲನ್ನು ತಣ್ಣಗೆ ಮಾಡುವ ಕೂಲರ್ ಹುಡುಕಲು ನೇರ ಹೊರಟಿದ್ದು. ಮೆಕ್ಯಾನಿಕ್ ತಡೆದರು. "ಜ್ವರ ಎಷ್ಟಿದೆ ಅಂತ ನೋಡದೆ ಇಂಜೆಕ್ಷನ್ ಕೊಡ್ತಾರಾ ಸಾರ್?" ಬಹಳಷ್ಟು ಆಟೋಮ್ಯಾಟಿಕ್‌ಗಳಲ್ಲಿ ಗೇರ್‌ಬಾಕ್ಸ್ ಒಳಗೆ ಟೆಂಪರೇಚರ್ ಸೆನ್ಸರ್ ಇದ್ದೇ ಇರುತ್ತದೆ, ಕಾರಿನ ಕಂಪ್ಯೂಟರ್‌ಗೆ ಗೊತ್ತು, ದುಡ್ಡು ಕೊಟ್ಟ ನಮಗೆ ಮಾತ್ರ ತೋರಿಸುವುದಿಲ್ಲ. ಸ್ಟೀರಿಂಗ್ ಕೆಳಗೆ, ಕಾರಿನ ಕಂಪ್ಯೂಟರ್ ಓದಲು ಮೆಕ್ಯಾನಿಕ್‌ಗಳು ಬಳಸುವ ಓಬಿಡಿ ಸಾಕೆಟ್‌ಗೆ ಒಂದು ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಮೊಬೈಲ್‌ನಲ್ಲಿ ಆ ನಂಬರ್ ತೆರೆದು ಇಟ್ಟುಕೊಂಡೆ. ತಿಂಗಳುಗಟ್ಟಲೆ ನೋಡಿದೆ. ಹೊಸೂರು ರಸ್ತೆಯ ಸಂಜೆ ಟ್ರಾಫಿಕ್‌ನಲ್ಲಿ 98. ಟ್ರ್ಯಾಕ್‌ನಲ್ಲಿ ಐದು ಲ್ಯಾಪ್ ಬಿಟ್ಟರೆ 128. ನನಗೆ ಆಶ್ಚರ್ಯ ಆಗಿದ್ದು ಇವೆರಡೂ ಅಲ್ಲ. ಅಮ್ಮನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ, ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಆನ್, ಚಾರ್ಮಾಡಿ ಘಾಟಿಯಲ್ಲಿ ಒಂದು ಲಾರಿ ಹಿಂದೆ ಇಪ್ಪತ್ತರ ಸ್ಪೀಡಿನಲ್ಲಿ ಹತ್ತುತ್ತಾ ಹತ್ತುತ್ತಾ 113 ತಲುಪಿತು! ಟ್ರ್ಯಾಕ್ ಮುಖವನ್ನೇ ನೋಡದ ಕಾರುಗಳೂ ಶಿರಾಡಿ, ಆಗುಂಬೆಗಳಲ್ಲಿ ಇದನ್ನೇ ಅನುಭವಿಸುತ್ತಿರಬೇಕು, ಓಡಿಸುವವರಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಕಂಪನಿ ಕೊಟ್ಟ ಕೂಲರ್ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ನನ್ನ ಕಾರಿನಲ್ಲಿ ಗೇರ್‌ಬಾಕ್ಸ್ ನೆತ್ತಿಯ ಮೇಲೇ ಒಂದು ಸಣ್ಣ ಡಬ್ಬ, ಅದರೊಳಗೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಹರಿದು ಆಯಿಲ್ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಇದೇ ಏರ್ಪಾಡು ರೇಡಿಯೇಟರ್ ಟ್ಯಾಂಕ್ ಒಳಗಿರುತ್ತದೆ. ಆದರೆ ಟ್ರ್ಯಾಕ್‌ನಲ್ಲಿ ಕೂಲಂಟೇ ನೂರು ದಾಟಿರುತ್ತದೆ, ಅದು ಇನ್ನೊಬ್ಬರನ್ನು ಏನು ತಣ್ಣಗೆ ಮಾಡೀತು? ಹಾಗಂತ ಆ ಡಬ್ಬವನ್ನು ಕಿತ್ತು ಹಾಕುವುದೂ ತಪ್ಪು. ಡಿಸೆಂಬರ್ ಬೆಳಿಗ್ಗೆ ಆಯಿಲ್ ಗಟ್ಟಿಯಾಗಿದ್ದಾಗ ಅದನ್ನು ಬೇಗ ಬೆಚ್ಚಗೆ ಮಾಡುವುದೂ ಇದೇ ಡಬ್ಬ. ಹಾಗಾಗಿ ಆಯಿಲ್ ಮೊದಲು ಇದರಲ್ಲಿ ಹಾದು, ಆಮೇಲೆ ಹೊರಗಿನ ಕೂಲರ್‌ಗೆ ಹೋಗಿ, ಅಲ್ಲಿಂದ ನೇರ ಗೇರ್‌ಬಾಕ್ಸಿಗೆ ಬರುವ ಹಾಗೆ ಮಾಡಿಸಿದೆ. ನಡುವೆ ಒಂದು ಥರ್ಮೋಸ್ಟಾಟ್, 80 ಡಿಗ್ರಿ ಆಸುಪಾಸಿನಲ್ಲಿ ತೆರೆಯುವಂಥದ್ದು. ಅದಿಲ್ಲದಿದ್ದರೆ ಚಳಿಯಲ್ಲಿ ಆಯಿಲ್ ಬಿಸಿಯೇ ಏರದೆ ಲಾಕಪ್ ತಡವಾಗಿ ಬೀಳುತ್ತದೆ, ಮೈಲೇಜ್ ಹೋಗುತ್ತದೆ.

ಕೂಲರ್ ತರುವಾಗ ಪೈಪು ಸುತ್ತಿ ರೆಕ್ಕೆ ಅಂಟಿಸಿದ ಅಗ್ಗದ್ದು ಬೇಡ ಅಂದರು ಮೆಕ್ಯಾನಿಕ್, ಪ್ಲೇಟ್ ಮೇಲೆ ಪ್ಲೇಟ್ ಜೋಡಿಸಿದ್ದು ಅದೇ ಅಳತೆಯಲ್ಲಿ ಜಾಸ್ತಿ ಕೆಲಸ ಮಾಡುತ್ತದೆ. ಏಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮುಂದೆ ಮುಚ್ಚಿದ ಹಾಗೆ ಹಾಕಿದರೆ ಏಸಿ ಸೋಲುತ್ತದೆ, ಮನೆಯವರ ಬೈಗುಳ ಬೇರೆ. ಬಂಪರ್ ಕೆಳಗಿನ ಜಾಲರಿಯ ಒಂದು ಪಕ್ಕದಲ್ಲಿ ಕೂರಿಸಿ, ಹಿಂದೆ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದೆ. ಸಿಲ್ಕ್ ಬೋರ್ಡ್‌ನಲ್ಲಿ ನಿಂತಾಗ ಗಾಳಿ ತಾನಾಗಿ ಬರುವುದಿಲ್ಲವಲ್ಲ. ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು: ಹೋಸ್ ಪೈಪಿನಲ್ಲಿ ದುಡ್ಡು ಉಳಿಸಬೇಡಿ. ಸಿಕ್ಕ ರಬ್ಬರ್ ಪೈಪ್ ಹಾಕಿ ಕ್ಲಿಪ್ ಬಿಗಿದು ಕಳಿಸುವವರಿದ್ದಾರೆ. ಬಿಸಿ ಆಯಿಲ್‌ಗೆ, ಪ್ರೆಶರ್‌ಗೆ ಅಂತಲೇ ಮಾಡಿದ ಹೋಸ್ ಬೇಕು, ಒಳಗಿನ ತೂತು ಕಂಪನಿ ಪೈಪಿಗಿಂತ ಸಣ್ಣದಿರಬಾರದು. ಅದು ಟ್ರ್ಯಾಕ್‌ನಲ್ಲಿ ಬಿಚ್ಚಿಕೊಂಡರೆ ಆಯಿಲ್ ಸೈಲೆನ್ಸರ್ ಪೈಪಿಗೆ ಬಿದ್ದು ಬೆಂಕಿ ಹತ್ತಬಹುದು, ಹಿಂದೆ ಬರುವವನು ಅದರ ಮೇಲೆ ಜಾರಿ ಗೋಡೆಗೆ ಹೋಗಬಹುದು.

ಆಯಿಲ್ ಅಳತೆಯಲ್ಲೂ ಎಡವಟ್ಟಾಗುತ್ತದೆ. ಕೂಲರ್, ಪೈಪು ತುಂಬಲು ಸ್ವಲ್ಪ ಜಾಸ್ತಿ ಆಯಿಲ್ ಬೇಕು, ನಿಜ. ಆದರೆ ಇಂಥ ಗೇರ್‌ಬಾಕ್ಸ್‌ಗೆ ಲೆವೆಲ್ ನೋಡುವುದು ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ಡಿಗ್ರಿಯಲ್ಲಿ ಮಾತ್ರ. ಅಂದಾಜಿಗೆ ಸುರಿದು ಜಾಸ್ತಿಯಾದರೆ ಒಳಗೆ ನೊರೆ ಏಳುತ್ತದೆ, ನೊರೆ ಬಿಸಿಯನ್ನು ಸಾಗಿಸುವುದಿಲ್ಲ. ಇನ್ನು ಹಳೆ ಆಯಿಲ್ ಬಿಟ್ಟಾಗ ಬರುವುದು ಅರ್ಧದಷ್ಟೇ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ. ಅದಕ್ಕೇ ಎರಡು ಮೂರು ಸಲ ಬಿಟ್ಟು ತುಂಬಿಸಿದೆವು.

ಈಗ ಅದೇ ಟ್ರ್ಯಾಕ್, ಅದೇ ಬಿಸಿಲು, 108ರ ಮೇಲೆ ಹೋಗುತ್ತಿಲ್ಲ. ಅರ್ಧ ಪುಣ್ಯ ಕೂಲರ್‌ದು, ಅರ್ಧ ನನ್ನ ಬಲಗಾಲಿನದು ಅಂದುಕೊಂಡಿದ್ದೇನೆ. ಮೂರು ಲ್ಯಾಪ್ ಬಿಟ್ಟು ಒಂದು ಲ್ಯಾಪ್ ನಿಧಾನ. ಮ್ಯಾನ್ಯುವಲ್ ಮೋಡ್‌ನಲ್ಲಿ ಒಂದು ಗೇರ್ ಹಿಡಿದು ಹೋಗುತ್ತೇನೆ, ಸುಮ್ಮನೆ ಮೇಲೆ ಕೆಳಗೆ ಹುಡುಕಾಡಲು ಬಿಡುವುದಿಲ್ಲ. ಪಿಟ್‌ಗೆ ಬಂದ ತಕ್ಷಣ ಆಫ್ ಮಾಡುವುದಿಲ್ಲ, ಪಾರ್ಕ್‌ಗೆ ಹಾಕಿ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡುತ್ತೇನೆ, ಎಂಜಿನ್ ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ. (ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಬ್ರೇಕ್ ಕಾದಿರುತ್ತದೆ. ನೆಲ ಸಮ ಇರಬೇಕು ಅಷ್ಟೇ.) ಊರಲ್ಲಿ ಎರಡು ನಿಮಿಷದ ಸಿಗ್ನಲ್ ಬಿದ್ದರೆ ನ್ಯೂಟ್ರಲ್.

ಈ ಪತ್ರ ಓದಿ ಎಲ್ಲರೂ ಕೂಲರ್ ಹಾಕಿಸಲು ಓಡಬೇಡಿ ಮತ್ತೆ. ವಾರಂಟಿ ಇದ್ದರೆ ಮೊದಲು ಕಾಗದ ಓದಿ. ಡ್ರೈ ಕ್ಲಚ್‌ನ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಗಾಡಿಗೆ ಇದರಿಂದ ಪ್ರಯೋಜನ ಇಲ್ಲ, ಅಲ್ಲಿ ಕ್ಲಚ್‌ಗೆ ಆಯಿಲ್ ತಾಗುವುದೇ ಇಲ್ಲ. ಇಂಚು ಇಂಚು ತೆವಳುವ ಬದಲು ಮುಂದೆ ಸ್ವಲ್ಪ ಜಾಗ ಬಿಟ್ಟು ಒಮ್ಮೆಗೇ ಹೋಗುವುದೊಂದೇ ದಾರಿ. ಎಎಂಟಿ, ಅಂದರೆ ಮ್ಯಾನ್ಯುವಲ್ ಗೇರ್‌ಬಾಕ್ಸನ್ನೇ ಕಂಪ್ಯೂಟರ್ ಬದಲಿಸುವ ಕಾರನ್ನು ಏರಿನಲ್ಲಿ ಆಕ್ಸಿಲರೇಟರ್ ಮೇಲೆ ನಿಲ್ಲಿಸಿ ಕ್ಲಚ್ ಸುಡುವವರಿಗೂ ಕೂಲರ್ ಏನೂ ಮಾಡಲಾರದು.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ಅಮೆರಿಕದ ಎಫ್-150, ರಾಮ್ ಥರದ ಪಿಕಪ್‌ಗಳಲ್ಲಿ ಗೇರ್‌ಬಾಕ್ಸ್ ಟೆಂಪರೇಚರ್ ಡ್ಯಾಶ್‌ಬೋರ್ಡ್‌ನಲ್ಲೇ ನೋಡಬಹುದು, ಭಾರ ಎಳೆಯುವವರಿಗೆ ಅದು ಬೇಕು ಅಂತ. ನಮ್ಮ ಘಾಟಿ ಹತ್ತುವವರಿಗೆ ಬೇಡವೇ? ಸೆನ್ಸರ್ ಒಳಗಿದೆ, ಪರದೆ ಹೊರಗಿದೆ. ಮುಂದಿನ ಸಲ ನಿಮ್ಮ ವರದಿಗಾರರು ಆಟೋಮ್ಯಾಟಿಕ್ ಕಾರು ಪರೀಕ್ಷೆಗೆ ತಗೊಂಡಾಗ, ಕಂಪನಿಯವರಿಗೆ ಈ ಪ್ರಶ್ನೆ ಹಾಕಲಿ. ಆಗದಿದ್ದರೆ ಒಂದು ಡಾಂಗಲ್ ಸಿಕ್ಕಿಸಿಕೊಂಡು ಚಾರ್ಮಾಡಿ ಹತ್ತಿ, ಎಷ್ಟು ಡಿಗ್ರಿ ಬಂತು ಅಂತ ಟಚ್‌ಸ್ಕ್ರೀನ್ ಇಂಚಿನ ಪಕ್ಕದಲ್ಲೇ ಒಂದು ಸಾಲು ಹಾಕಲಿ. ಡಾಂಗಲ್ ಬೇಕಾದರೆ ನನ್ನದೇ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗ
ಬನಶಂಕರಿ, ಬೆಂಗಳೂರು