ಅಟ್ಟದ ಮೇಲಿನ ಪಿಟೀಲು ಹೊರಗೆ ಬರಲಿ

ಮಾನ್ಯ ಸಂಪಾದಕರೇ,

ಈಚೆಗೆ ಹಳ್ಳಿಯೊಂದರ ಸಮುದಾಯ ಸಂಗೀತ ಶಾಲೆ ನೋಡಲು ಹೋಗಿದ್ದೆ. ಊರಿನವರೇ ಸೇರಿ ನಡೆಸುವ ಶಾಲೆ. ಪದಕ, ಪ್ರಮಾಣಪತ್ರಗಳ ಬಗ್ಗೆ ಅವರು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಹೈಸ್ಕೂಲ್ ಹುಡುಗಿಯೊಬ್ಬಳು ಪುಟ್ಟ ಹುಡುಗನ ಪಿಟೀಲನ್ನು ಶ್ರುತಿ ಮಾಡುತ್ತಿದ್ದಳು. ಬಿರಡೆ ಜಾರಿ ತಂತಿ ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ಅವಳು ರೇಗಲಿಲ್ಲ. ‘ಈಗ ಸರಿ ಇದೆಯಾ, ನೀನೇ ಕೇಳಿ ಹೇಳು’ ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ತಿರುವಿದಳು. ಇಂಥ ತಾಳ್ಮೆ ಭಾಷಣ ಕೇಳಿ ಬರುವಂಥದ್ದಲ್ಲ, ಅಲ್ವಾ?

ಒಟ್ಟಿಗೆ ನುಡಿಸುತ್ತಾ ಕಲಿಯುವ ಈ ದಾರಿ ಹೊಸದೇನಲ್ಲ. ವೆನೆಜುವೆಲಾದಲ್ಲಿ ಹೊಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಶುರುಮಾಡಿದ ‘ಎಲ್ ಸಿಸ್ಟೆಮಾ’ ಎಂಬ ಮಕ್ಕಳ ಸಂಗೀತ ಕಲಿಕೆಯ ಯೋಜನೆ ಹೀಗೇ ಬೆಳೆಯಿತು. ಹೆಸರಾಂತ ವಾದ್ಯವೃಂದ ನಿರ್ದೇಶಕ ಗುಸ್ತಾವೊ ದುದಮೆಲ್ ಅಲ್ಲಿಂದಲೇ ಬಂದವರು. ಹಾಗಂತ ಪ್ರತಿ ಮಗುವೂ ದುದಮೆಲ್ ಆಗಲಿ ಎಂದು ಕಾಯುವುದು ಬೇಡ. ಸಂಜೆ ಹೋಗಲು ಒಂದು ಜಾಗ, ‘ಇವತ್ತು ಯಾಕೆ ಬರಲಿಲ್ಲ’ ಎಂದು ಕೇಳುವ ಗೆಳೆಯರು ಸಿಕ್ಕರೆ ಅದೇನು ಕಮ್ಮಿಯೇ?

ದಾನಿಗಳು ಸಾಮಾನ್ಯವಾಗಿ ಕಟ್ಟಡ ಕಟ್ಟಿಸುತ್ತಾರೆ. ಗೋಡೆಯ ಮೇಲೆ ಹೆಸರು ಉಳಿಯುತ್ತದಲ್ಲ! ಆದರೆ ದಿನನಿತ್ಯ ಬೇಕಾದದ್ದು ತಂತಿ, ರಿಪೇರಿ, ಶಿಕ್ಷಕರ ಸಂಬಳ. ಮಕ್ಕಳ ಪಿಟೀಲು ಕಾಲು, ಅರ್ಧ, ಮುಕ್ಕಾಲು ಅಳತೆಗಳಲ್ಲಿ ಬರುತ್ತದೆ. ಮಗು ಬೆಳೆದಂತೆ ಬದಲಿಸಲೇಬೇಕು. ನಿಮ್ಮ ಮನೆಯ ಅಟ್ಟದ ಮೇಲೆ ಸುಮ್ನೆ ಬಿದ್ದಿರುವ ವಾದ್ಯವಿದ್ದರೆ ದಯವಿಟ್ಟು ಇಂಥ ಶಾಲೆಗೆ ಕೊಡಿ. ಕೊಡುವ ಮುಂಚೆ ತಂತಿಯನ್ನೂ ಹಾಕಿಸಿ.

– ಒಬ್ಬ ಓದುಗ